ಓಡ್ತಿರೋ ಪ್ರೋಗ್ರಾಮಿನ ಮೆಮೊರೀನೇ ಹೊಸ ಎಕ್ಸಿಕ್ಯೂಟಬಲ್ ಮಾಡಿ ಇಟ್ಕೋಬೋದಾ?

ಪ್ರಶ್ನೆ: ಲಿನಕ್ಸ್ ಮೇಲೆ ಸಿ ಭಾಷೇಲಿ ಒಂದು ಕನ್ನಡ ಸ್ಪೆಲ್ ಚೆಕರ್ ಬರೀತಿದೀನಿ. ಶುರುವಾದ ತಕ್ಷಣ ಪದಪಟ್ಟಿ, ಪ್ರತ್ಯಯಗಳ ಫೈಲು ಎಲ್ಲಾ ಓದಿ ದೊಡ್ಡ ಟ್ರೈ (ಪದಗಳನ್ನ ಅಕ್ಷರಕ್ಕೊಂದು ಕವಲಾಗಿ ಜೋಡಿಸಿಡೋ ಮರ) ಕಟ್ಟತ್ತೆ, ಅದಕ್ಕೇ ಎಂಟ್ಹತ್ತು ಸೆಕೆಂಡು ಹೋಗತ್ತೆ. ಆಮೇಲೆ ಪದ ಚೆಕ್ ಮಾಡೋದು ಕಣ್ಣು ಮಿಟುಕಿಸೋದ್ರಲ್ಲಿ ಆಗೋಗತ್ತೆ. ಟ್ರೈ ಕಟ್ಟಿ ಮುಗಿದ ಮೇಲಿನ ಸ್ಥಿತೀನ ಹಾಗೇ ಒಂದು ಹೊಸ ಎಕ್ಸಿಕ್ಯೂಟಬಲ್ ಫೈಲಾಗಿ ಸೇವ್ ಮಾಡೋಕೆ ಆಗತ್ತಾ ಸಾರ್? ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್ ಅನ್‌ಎಕ್ಸೆಕ್ ಅಂತ ಏನೋ ಇಟ್ಕೊಂಡು ಹೀಗೇ ಮಾಡ್ತಿತ್ತಂತೆ. ಕೋರ್ ಡಂಪ್ (ಪ್ರೋಗ್ರಾಮಿನ ಮೆಮೊರೀನ ಫೈಲಿಗೆ ಇಳಿಸಿದ ನಕಲು) ತಗೊಂಡು ಅದನ್ನೇ ಓಡಿಸ್ಬೋದಾ?

ಉತ್ತರ:

ಆಗತ್ತೆ. ಆದ್ರೆ ನಿಮ್ಮ ಕೆಲಸಕ್ಕೆ ಅದು ಬೇಡ. ಯಾಕೆ ಬೇಡ ಅನ್ನೋದಕ್ಕೆ ಈಮ್ಯಾಕ್ಸಿನವರ ಕಥೇನೇ ಸಾಕು, ಅವ್ರು ಮೂವತ್ತು ವರ್ಷಕ್ಕೂ ಮೇಲೆ ಈ ಟ್ರಿಕ್ಕನ್ನೇ ನಂಬ್ಕೊಂಡು ಇದ್ದು, ಕೊನೆಗೆ ನೀವು ಈಗ ಮಾಡ್ಬೇಕು ಅಂತ ನಾನು ಹೇಳೋದನ್ನೇ ಮಾಡಿದ್ರು.

ಅದಕ್ಕೂ ಮುಂಚೆ ಒಂದ್ಮಾತು. ಪದಪಟ್ಟಿ ಓದಿ ಟ್ರೈ ಕಟ್ಟೋಕೆ ಎಂಟ್ಹತ್ತು ಸೆಕೆಂಡು ಅಂದ್ರೆ ನಂಗೆ ಅನುಮಾನ. ಕೆಲವು ಲಕ್ಷ ಪದಕ್ಕೆ ಇವತ್ತಿನ ಮಷೀನಲ್ಲಿ ಅಷ್ಟು ಹೊತ್ತು ಬೇಕಾಗಲ್ಲ, ಬಹುಶಃ ಟ್ರೈಯ ಒಂದೊಂದು ನೋಡಿಗೂ (ಕವಲಿಗೂ) ಬೇರೆ ಬೇರೆ ಮ್ಯಾಲಕ್ (ಮೆಮೊರಿ ಕೇಳೋ ಫಂಕ್ಷನ್) ಕರೀತಿದೀರಿ, ಇಲ್ಲಾ ಪ್ರತ್ಯಯ ಸೇರಿಸಿದ ರೂಪಗಳನ್ನೆಲ್ಲಾ ಶುರುವಲ್ಲೇ ಹುಟ್ಟಿಸ್ತಿದೀರಿ. ಮೊದ್ಲು ಪರ್ಫ್ ಅನ್ನೋ ಟೂಲ್ ಹಾಕಿ ಟೈಮ್ ಎಲ್ಲಿ ಹೋಗ್ತಿದೆ ನೋಡಿ. ಇದನ್ನ ಪಕ್ಕಕ್ಕಿಟ್ಟು ಪ್ರಶ್ನೆಗೆ ಬರ್ತೀನಿ.

ಈಮ್ಯಾಕ್ಸಲ್ಲಿ ಸಿಯಲ್ಲಿ ಬರೆದಿರೋದು ಮುಖ್ಯವಾಗಿ ಒಂದು ಲಿಸ್ಪ್ ಇಂಟರ್ಪ್ರಿಟರ್ ಮತ್ತೆ ಸ್ಕ್ರೀನು, ಬಫರಿನ ಕೆಳಗಿನ ಕೆಲಸ, ಮಿಕ್ಕಿದ್ದೆಲ್ಲಾ ಲಿಸ್ಪು. ಬಿಲ್ಡ್ ಮಾಡಿದಾಗ ಮೊದ್ಲು ಟೀಮ್ಯಾಕ್ಸ್ ಅಂತ ಒಂದು ಬೋಳು ಎಕ್ಸಿಕ್ಯೂಟಬಲ್ ಬರತ್ತೆ, ಅದಕ್ಕೆ ಎಡಿಟರ್ ಅನ್ನೋದೇ ಗೊತ್ತಿಲ್ಲ. ಅದು ಒಂದಾದ್ಮೇಲೊಂದು ಲಿಸ್ಪ್ ಫೈಲ್ ಲೋಡ್ ಮಾಡ್ಕೊಂಡು ಹೋಗಿ ಕೊನೆಗೆ ನಿಜವಾದ ಈಮ್ಯಾಕ್ಸ್ ಆಗತ್ತೆ. 80ರ ದಶಕದ ಮಷೀನಲ್ಲಿ ಯೂಸರ್ ತೆರೆದಾಗೆಲ್ಲಾ ಇದನ್ನ ಮಾಡ್ತೀನಿ ಅಂದ್ರೆ ಯಾರೂ ಕಾಯ್ತಿರ್ಲಿಲ್ಲ. ಅದಕ್ಕೇ ಬಿಲ್ಡ್ ಟೈಮಲ್ಲಿ ಒಂದ್ಸಲ ಲೋಡ್ ಮಾಡಿ, ಅನ್‌ಎಕ್ಸೆಕ್ ಅನ್ನೋ ಫಂಕ್ಷನ್ ಕರೆದು, ಆ ಕ್ಷಣದ ಮೆಮೊರೀನ ಹೊಸ ಎಕ್ಸಿಕ್ಯೂಟಬಲ್ ಆಗಿ ಬರೆದ್ಬಿಡ್ತಿದ್ರು.

ಇಲ್ಲಿ ತುಂಬಾ ಜನ ಒಂದು ತಪ್ಪು ತಿಳ್ಕೋತಾರೆ. ಹೊಸ ಫೈಲ್ ಓಡಿಸಿದ್ರೆ ಡಂಪ್ ಆದ ಸಾಲಿನಿಂದ ಮುಂದುವರಿಯತ್ತೆ ಅಂದ್ಕೋತಾರೆ. ಇಲ್ಲ. ರಿಜಿಸ್ಟರು, ಸ್ಟ್ಯಾಕು ಯಾವ್ದೂ ಸೇವ್ ಆಗಲ್ಲ. ಹೊಸ ಫೈಲೂ ಮಾಮೂಲಿ ಪ್ರೋಗ್ರಾಮೇ, ಕರ್ನಲ್ ಲೋಡ್ ಮಾಡತ್ತೆ, ಡೈನಾಮಿಕ್ ಲಿಂಕರ್ ಬರತ್ತೆ, ಸಿ ಲೈಬ್ರರಿ ರೆಡಿಯಾಗತ್ತೆ, ಮೇನ್ ಮೊದಲ ಸಾಲಿನಿಂದ ಓಡತ್ತೆ. ವ್ಯತ್ಯಾಸ ಇಷ್ಟೇ, ಗ್ಲೋಬಲ್ ವೇರಿಯಬಲ್ಲುಗಳು ಸೊನ್ನೆಯಿಂದ ಶುರುವಾಗೋ ಬದಲು ತುಂಬ್ಕೊಂಡೇ ಹುಟ್ಟಿರತ್ವೆ. ಮೇನ್ ಒಳಗೆ 'ಇನಿಶಿಯಲೈಸ್ಡ್' ಅಂತ ಒಂದು ಫ್ಲಾಗ್ ನೋಡಿ, ಅದು ಆಗ್ಲೇ ಒಂದಾಗಿದ್ರೆ ಲೋಡ್ ಮಾಡೋ ಭಾಗಾನ ಬಿಟ್ಟು ಮುಂದೆ ಹೋಗೋದು. ಐಡಿಯಾ ಕೇಳೋಕೆ ಎಷ್ಟು ಚೆಂದ ನೋಡಿ.

ಬರೆಯೋದೂ ಅಂಥ ಕಷ್ಟ ಅಲ್ಲ. ಇಎಲ್ಎಫ್ (ಲಿನಕ್ಸಿನ ಎಕ್ಸಿಕ್ಯೂಟಬಲ್ಲುಗಳ ಫಾರ್ಮ್ಯಾಟ್) ಫೈಲಲ್ಲಿ ಡೇಟಾ ಅನ್ನೋ ಸೆಕ್ಷನ್ನಿಗೆ ಫೈಲಲ್ಲೇ ಬೈಟುಗಳಿರತ್ವೆ, ಬಿಎಸ್‌ಎಸ್ ಅನ್ನೋದಕ್ಕೆ ಇರಲ್ಲ, ಇಷ್ಟು ಜಾಗ ಸೊನ್ನೆ ತುಂಬಿ ಕೊಡಪ್ಪಾ ಅಂತ ಸೈಜ್ ಮಾತ್ರ ಬರೆದಿರತ್ತೆ. ಹಳೇ ಕಾಲದ ಲೇಔಟಲ್ಲಿ ಬಿಎಸ್‌ಎಸ್ ಮುಗಿದ ಕಡೆಯಿಂದ್ಲೇ ಹೀಪ್ (ಮ್ಯಾಲಕ್ ಮೆಮೊರಿ ಕೊಡೋ ಜಾಗ) ಶುರು, ಬಿಆರ್‌ಕೆ ಸಿಸ್ಟಂ ಕಾಲಲ್ಲಿ ಅದು ಮೇಲಕ್ಕೆ ಬೆಳೀತಾ ಹೋಗತ್ತೆ. ಅನ್‌ಎಕ್ಸೆಕ್ ಹಳೇ ಫೈಲನ್ನ ಕಾಪಿ ಮಾಡ್ಕೊಂಡು, ಬಿಎಸ್‌ಎಸ್ ಶುರುವಿಂದ ಹೀಪಿನ ತುದಿವರೆಗೂ ಇರೋದನ್ನ ನಿಜವಾದ ಬೈಟುಗಳಾಗಿ ಫೈಲಿಗೆ ತುಂಬಿ, ಪ್ರೋಗ್ರಾಂ ಹೆಡರಲ್ಲಿ ಫೈಲಿನ ಸೈಜು ಮೆಮೊರಿ ಸೈಜು ಎರಡನ್ನೂ ಒಂದೇ ಮಾಡಿ, ಅದರ ಹಿಂದಿರೋ ಸೆಕ್ಷನ್ನುಗಳ ಆಫ್‌ಸೆಟ್ ಎಲ್ಲಾ ಅಷ್ಟಷ್ಟು ಮುಂದಕ್ಕೆ ತಳ್ಳಿ ಬರೀತಿತ್ತು. ಕೆಲವು ನೂರು ಸಾಲಿನ ಕೋಡು. ಆದ್ರೆ ಲಿನಕ್ಸಿಗೊಂದು, ವಿಂಡೋಸಿಗೊಂದು, ಮ್ಯಾಕಿಗೊಂದು, ಸೋಲಾರಿಸಿಗೊಂದು, ಎಐಎಕ್ಸಿಗೊಂದು ಅಂತ ಬೇರೆ ಬೇರೆ ಸಿ ಫೈಲು, ಒಂದಕ್ಕೊಂದು ಸಂಬಂಧ ಇಲ್ಲ.

ತೊಂದ್ರೆ ಇರೋದು ಆ ಬೈಟುಗಳಲ್ಲಿ ಏನು ಇಲ್ಲ ಅನ್ನೋದ್ರಲ್ಲಿ.

ಹೀಪನ್ನೇ ತಗೊಳ್ಳಿ. ಜಿಲಿಬ್‌ಸಿಯ (ಲಿನಕ್ಸಲ್ಲಿ ಬಳಸೋ ಸಿ ಲೈಬ್ರರಿ) ಮ್ಯಾಲಕ್ ಎಲ್ಲಾನೂ ಬಿಆರ್‌ಕೆ ಜಾಗದಿಂದ ಕೊಡಲ್ಲ, ದೊಡ್ಡ ತುಂಡು ಕೇಳಿದ್ರೆ ಎಂಮ್ಯಾಪ್ ಮಾಡಿ (ಕರ್ನಲ್ಲನ್ನೇ ನೇರವಾಗಿ ಬೇರೆ ಜಾಗ ಕೇಳಿ) ಎಲ್ಲೋ ದೂರದ ಅಡ್ರೆಸ್ಸಿಂದ ಕೊಡತ್ತೆ. ಅದು ಡಂಪಿಗೆ ಸಿಗಲ್ಲ. ಅದಕ್ಕೇ ಈಮ್ಯಾಕ್ಸ್ ಲಿಸ್ಪ್ ಡೇಟಾ ಕೇಳೋ ಹೊತ್ತಲ್ಲಿ ಮ್ಯಾಲಾಪ್ಟ್ ಕರೆದು ಎಂಮ್ಯಾಪನ್ನೇ ಬಂದ್ ಮಾಡಿಸ್ತಿತ್ತು. ಆಮೇಲೆ ಯಾವ ತುಂಡು ಖಾಲಿ, ಯಾವುದು ಕೊಟ್ಟಿದೆ ಅನ್ನೋ ಮ್ಯಾಲಕ್ಕಿನ ಲೆಕ್ಕದ ಪುಸ್ತಕ ಇರೋದು ನಿಮ್ಮ ಪ್ರೋಗ್ರಾಮಲ್ಲಿ ಅಲ್ಲ, ಸಿ ಲೈಬ್ರರಿಯ ಸ್ವಂತ ಡೇಟಾದಲ್ಲಿ. ಡಂಪ್ ಆಗೋದು ನಿಮ್ಮ ಎಕ್ಸಿಕ್ಯೂಟಬಲ್ಲಿನ ಡೇಟಾ, ಲೈಬ್ರರೀದು ಅಲ್ಲ. ಹೊಸ ಪ್ರೋಸೆಸ್ಸಲ್ಲಿ ಮ್ಯಾಲಕ್ ಏನೂ ಗೊತ್ತಿಲ್ಲದ ಹಾಗೆ ಶುರುವಾಗತ್ತೆ, ನೀವು ಹಳೇ ಪಾಯಿಂಟರನ್ನ ಫ್ರೀ ಮಾಡಿದ್ರೆ ಇದ್ಯಾವ್ದಪ್ಪಾ ಅಂತ ಬಿದ್ದೋಗತ್ತೆ. ಇದಕ್ಕೆ ಅಂತಾನೇ ಜಿಲಿಬ್‌ಸೀಲಿ ಮ್ಯಾಲಕ್-ಗೆಟ್-ಸ್ಟೇಟ್, ಮ್ಯಾಲಕ್-ಸೆಟ್-ಸ್ಟೇಟ್ ಅಂತ ಎರಡು ಫಂಕ್ಷನ್ ಇದ್ವು, ಲೆಕ್ಕದ ಪುಸ್ತಕಾನ ಈಚೆ ತೆಗೆದು ಮತ್ತೆ ಒಳಗೆ ಇಡೋಕೆ. ಅವುಗಳನ್ನ ಬಳಸ್ತಿದ್ದದ್ದು ಹೆಚ್ಚುಕಮ್ಮಿ ಈಮ್ಯಾಕ್ಸ್ ಒಂದೇ.

ಮೂರನೇದು ಅಡ್ರೆಸ್ ರ‍್ಯಾಂಡಮೈಸೇಶನ್. ಸೆಕ್ಯುರಿಟಿಗೆ ಅಂತ ಕರ್ನಲ್ ಈಗ ಸ್ಟ್ಯಾಕು, ಲೈಬ್ರರಿ, ಹೀಪು ಎಲ್ಲಾನೂ ಪ್ರತಿ ಸಲ ಬೇರೆ ಅಡ್ರೆಸ್ಸಲ್ಲಿ ಇಡತ್ತೆ. ಬಿಎಸ್‌ಎಸ್ ಮತ್ತೆ ಹೀಪಿನ ಮಧ್ಯ ಇದ್ದಕ್ಕಿದ್ದಂಗೆ ಒಂದು ಹಳ್ಳ ಬಂದ್ಬಿಡತ್ತೆ. ಪಿಐಇ (ಯಾವ ಅಡ್ರೆಸ್ಸಲ್ಲಾದ್ರೂ ಕೂರೋ ಎಕ್ಸಿಕ್ಯೂಟಬಲ್) ಆಗಿ ಲಿಂಕ್ ಮಾಡಿದ್ರಂತೂ ಪ್ರೋಗ್ರಾಮೇ ಪ್ರತಿ ಸಲ ಬೇರೆ ಜಾಗದಲ್ಲಿ ಕೂರತ್ತೆ, ಡಂಪಲ್ಲಿರೋ ಒಂದೊಂದು ಪಾಯಿಂಟರೂ ಸುಳ್ಳು. ಹಾಗಾಗಿ ಪಿಐಇ ಆಫ್, ಟೀಮ್ಯಾಕ್ಸ್ ಓಡಿಸೋವಾಗ ರ‍್ಯಾಂಡಮೈಸೇಶನ್ನೂ ಆಫ್. ಡಾಕರ್ (ಪ್ರೋಗ್ರಾಮುಗಳನ್ನ ಕಂಟೇನರಲ್ಲಿ ಬೇರೆಯಾಗಿಟ್ಟು ಓಡಿಸೋ ಟೂಲ್) ಬಂದ್ಮೇಲೆ ಇನ್ನೊಂದು ತಾಪತ್ರಯ, ಅದನ್ನ ಆಫ್ ಮಾಡೋ ಪರ್ಸನಾಲಿಟಿ ಸಿಸ್ಟಂ ಕಾಲನ್ನೇ ಡಾಕರಿನ ಡಿಫಾಲ್ಟ್ ಸೆಕ್‌ಕಾಂಪ್ ಪ್ರೊಫೈಲ್ (ಯಾವ ಸಿಸ್ಟಂ ಕಾಲ್ ಬಿಡ್ಬೇಕು ಅನ್ನೋ ಪಟ್ಟಿ) ಬ್ಲಾಕ್ ಮಾಡತ್ತೆ, ಕಂಟೇನರ್ ಒಳಗೆ ಹಳೇ ಈಮ್ಯಾಕ್ಸ್ ಬಿಲ್ಡ್ ಮಾಡೋಕೆ ಹೋದವ್ರು ಡಂಪ್ ಹಂತದಲ್ಲಿ ಕ್ರ್ಯಾಶ್ ಆಗೋದನ್ನ ನೋಡಿ ತಲೆ ಕೆರ್ಕೊಂಡಿದ್ದೇ ಕೆರ್ಕೊಂಡಿದ್ದು.

ಇವೆಲ್ಲಾ ದಾಟಿದ್ರೂ ಸಣ್ಣದೊಂದು ಉಳಿಯತ್ತೆ, ನಿಮ್ಮ ಕೋಡಲ್ಲೇ ಇರೋ ಸಾಧ್ಯತೆ ಜಾಸ್ತಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. 'ಲಾಗ್' ಅಂತ ಒಂದು ಗ್ಲೋಬಲ್ ಪಾಯಿಂಟರ್ ಇಟ್ಕೊಂಡು ಶುರುವಲ್ಲಿ ಅದಕ್ಕೆ ಎಸ್‌ಟಿಡಿಎರ್ (stderr, ಎರರ್ ಮೆಸೇಜ್ ಹೋಗೋ ದಾರಿ) ಹಾಕಿದೀರಿ ಅಂದ್ಕೊಳ್ಳಿ. ಎಸ್‌ಟಿಡಿಎರ್ ಅನ್ನೋ ಹೆಸರಿಗೆ ಹೊಸ ಪ್ರೋಸೆಸ್ಸಲ್ಲಿ ಡೈನಾಮಿಕ್ ಲಿಂಕರ್ ಹೊಸದಾಗಿ ಸರಿಯಾದ ಬೆಲೆ ತುಂಬತ್ತೆ, ಯಾಕಂದ್ರೆ ಅದಕ್ಕೆ ರೀಲೊಕೇಶನ್ ಎಂಟ್ರಿ (ಲೋಡ್ ಆದಾಗ ಈ ಜಾಗ ತಿದ್ದು ಅನ್ನೋ ಗುರುತು) ಇದೆ. ಲಿಂಕರ್ ಮುಟ್ಟೋ ಇಂಥ ಜಾಗಗಳನ್ನ ಅನ್‌ಎಕ್ಸೆಕ್ ಕೂಡ ಮರೀತಿರ್ಲಿಲ್ಲ, ರೀಲೊಕೇಶನ್ ಟೇಬಲ್ ಪೂರ್ತಿ ನಡ್ಕೊಂಡು ಹೋಗಿ ಅಲ್ಲಿಗೆ ಮೆಮೊರಿಯ ಬೆಲೆ ಬಿಟ್ಟು ಹಳೇ ಫೈಲಿನ ಮೂಲ ಬೆಲೇನೇ ವಾಪಸ್ ಬರೀತಿತ್ತು. ಆದ್ರೆ ನಿಮ್ಮ 'ಲಾಗ್'ಗೆ ಎಂಟ್ರಿ ಇಲ್ಲ, ಅದು ರನ್‌ಟೈಮಲ್ಲಿ ನೀವು ಕಾಪಿ ಮಾಡ್ಕೊಂಡ ನಂಬರ್ ಅಷ್ಟೇ. ಹಳೇ ಪ್ರೋಸೆಸ್ಸಲ್ಲಿ ಸಿ ಲೈಬ್ರರಿ ಎಲ್ಲಿತ್ತೋ ಅಲ್ಲಿಗೇ ಅದು ಕೈ ತೋರಿಸ್ತಾ ಕೂತಿರತ್ತೆ. ಮೊದಲ ಎಫ್‌ಪ್ರಿಂಟ್‌ಎಫ್‌ಗೇ ಸೆಗ್‌ಫಾಲ್ಟ್. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ನಿಮ್ಮ ಮಷೀನಲ್ಲಿ ರ‍್ಯಾಂಡಮೈಸೇಶನ್ ಆಫ್ ಇದ್ರೆ ಅಲ್ಲಿ ಸರಿಯಾಗೇ ಓಡಿ, ಬೇರೆಯವರ ಮಷೀನಲ್ಲಿ ಬೀಳತ್ತೆ. ಸಿಯಲ್ಲಿ ಎಂಟು ಬೈಟು ನೋಡಿ ಇದು ಪಾಯಿಂಟರೋ ಬರೀ ನಂಬರೋ ಅಂತ ಹೇಳೋಕೆ ಯಾರಿಂದ್ಲೂ ಆಗಲ್ಲ, ಹಾಗಾಗಿ ಹೊರಗಿಂದ ಸರಿಪಡಿಸೋ ಟೂಲೂ ಬರೆಯೋಕಾಗಲ್ಲ.

ತೆರೆದ ಫೈಲ್ ಡಿಸ್ಕ್ರಿಪ್ಟರ್, ಸಾಕೆಟ್, ಥ್ರೆಡ್ಡು, ಟೈಮರ್ ಇವೆಲ್ಲಾ ಕರ್ನಲ್ ಹತ್ರ ಇರೋದು, ಬರೋದೇ ಇಲ್ಲ. ಬರಬಾರದ್ದು ಬರತ್ತೆ ಅನ್ನೋದೂ ಉಂಟು. ಬಿಲ್ಡ್ ಮಾಡಿದವರ ಹೋಮ್ ಡೈರೆಕ್ಟರಿ, ಹೋಸ್ಟ್ ನೇಮು, ಎನ್ವಿರಾನ್ಮೆಂಟಲ್ಲಿದ್ದ ಪಾಸ್ವರ್ಡು, ರ‍್ಯಾಂಡಮ್ ಸೀಡು. ಈಮ್ಯಾಕ್ಸ್ ಲಿಸ್ಪಲ್ಲಿ ಕಸ್ಟಮ್-ಇನಿಶಿಯಲೈಸ್-ಡಿಲೇ ಅಂತ ಒಂದಿದೆ, ಈ ವೇರಿಯಬಲ್ಲಿನ ಬೆಲೆ ಡಂಪ್ ಟೈಮಲ್ಲಿ ಲೆಕ್ಕ ಹಾಕ್ಬೇಡ, ಯೂಸರ್ ಓಡಿಸಿದಾಗ ಹಾಕು ಅಂತ ಹೇಳೋಕೆ. ಜಾವಾದ ಗ್ರಾಲ್‌ವಿಎಮ್ ನೇಟಿವ್ ಇಮೇಜ್ ಕೂಡ ಬಿಲ್ಡ್ ಟೈಮಿನ ಹೀಪನ್ನ ಎಕ್ಸಿಕ್ಯೂಟಬಲ್ ಒಳಗೆ ಇಡತ್ತೆ, ಅದರಲ್ಲಿ ರ‍್ಯಾಂಡಮ್ ಆಬ್ಜೆಕ್ಟ್ ಕಂಡ್ರೆ ಬಿಲ್ಡನ್ನೇ ಎರರ್ ಕೊಟ್ಟು ನಿಲ್ಲಿಸತ್ತೆ, ಇಲ್ಲಾಂದ್ರೆ ಓಡಿದ ಪ್ರತಿಯೊಂದು ಕಾಪಿಯೂ ಒಂದೇ 'ರ‍್ಯಾಂಡಮ್' ನಂಬರುಗಳನ್ನ ಕೊಡ್ತಾ ಕೂರತ್ತಲ್ಲ.

ಕೋರ್ ಡಂಪಿನ ಬಗ್ಗೆ ಕೇಳಿದ್ರಿ. ಹಳೇ ಯೂನಿಕ್ಸಲ್ಲಿ ಅನ್‌ಡಂಪ್ ಅನ್ನೋ ಪ್ರೋಗ್ರಾಮಿತ್ತು, ಕೋರ್ ಫೈಲು ಮತ್ತೆ ಮೂಲ ಎಕ್ಸಿಕ್ಯೂಟಬಲ್ ಎರಡನ್ನೂ ಸೇರಿಸಿ ಹೊಸದೊಂದು ಮಾಡ್ಕೊಡ್ತಿತ್ತು. ಪರ್ಲಲ್ಲಿ ಡಂಪ್ ಅನ್ನೋ ಫಂಕ್ಷನ್ ಇದ್ದದ್ದೇ ಇದಕ್ಕೆ, ಬೇಕಂತ್ಲೇ ಕೋರ್ ಡಂಪ್ ಮಾಡಿಸಿ ಆಮೇಲೆ ಅನ್‌ಡಂಪ್ ಮಾಡ್ಕೊಳ್ಳಿ ಅಂತ. ಈಗ ಅದು ಪಳೆಯುಳಿಕೆ. ಇವತ್ತಿನ ಕೋರ್ ಫೈಲೂ ಇಎಲ್ಎಫ್ಫೇ, ಆದ್ರೆ ಡೀಬಗ್ಗರಿಗೆ ಓದೋಕೆ ಅಂತ ಇರೋದು, ಕರ್ನಲ್ ಅದನ್ನ ಓಡಿಸಲ್ಲ, ಅನ್‌ಎಕ್ಸೆಕ್ಕಿಗೆ ಇದ್ದ ಕಷ್ಟಗಳೆಲ್ಲಾ ಇದಕ್ಕೂ ಇದಾವೆ.

ಹಾಗಾದ್ರೆ ಎಸ್‌ಬಿಸಿಎಲ್‌ನಂಥ ಕಾಮನ್ ಲಿಸ್ಪುಗಳು ಒಂದೇ ಕಮಾಂಡಲ್ಲಿ ಎಕ್ಸಿಕ್ಯೂಟಬಲ್ ಮಾಡ್ಕೊಡತ್ವಲ್ಲ ಅಂದ್ರೆ, ಅಲ್ಲಿ ಗಾರ್ಬೇಜ್ ಕಲೆಕ್ಟರಿಗೆ ಪ್ರತಿ ಪಾಯಿಂಟರೂ ಎಲ್ಲಿದೆ ಅಂತ ಗೊತ್ತು, ಹೀಪಿನ ಲೆಕ್ಕ ಪೂರ್ತಿ ಅದರ ಕೈಲೇ ಇದೆ. ಅದೂ ಬೇರೆ ಥ್ರೆಡ್ ಓಡ್ತಿದ್ರೆ ಸೇವ್ ಮಾಡಲ್ಲ ಅನ್ನತ್ತೆ, ಸೇವ್ ಆದ್ಮೇಲೆ ಆ ಪ್ರೋಸೆಸ್ ಮುಗೀತು, ಹಲೋ ವರ್ಲ್ಡ್ ಬರೆದ್ರೂ ಫೈಲು ಮೂವತ್ತು ನಲವತ್ತು ಎಂಬಿ. ಸಿಯಲ್ಲಿ ಆ ಸೌಲಭ್ಯ ನಮಗಿಲ್ಲ.

ಈಮ್ಯಾಕ್ಸಿಗೆ ಕೊನೆಗೆ ಏನಾಯ್ತು ಅಂದ್ರೆ, 2016ರಲ್ಲಿ ಜಿಲಿಬ್‌ಸಿಯವ್ರು ಆ ಎರಡು ಮ್ಯಾಲಕ್ ಫಂಕ್ಷನ್ ತೆಗೀತೀವಿ, ಇವಿರೋವರೆಗೂ ಮ್ಯಾಲಕ್ಕಿನ ಒಳಗಡೆ ಏನೂ ಬದಲಾಯಿಸೋಕಾಗ್ತಿಲ್ಲ ಅಂದ್ರು, ದೊಡ್ಡ ಚರ್ಚೆ ಆಯ್ತು, 2017ರಲ್ಲಿ ಹೊಸದಾಗಿ ಕಂಪೈಲ್ ಮಾಡೋರಿಗೆ ಅವು ಸಿಗದ ಹಾಗಾದ್ವು. ಜಿಲಿಬ್‌ಸಿಯವರದ್ದೇ ಸರಿ ಅಂತ ನನ್ನ ಅಭಿಪ್ರಾಯ, ಒಂದು ಪ್ರೋಗ್ರಾಮಿಗೋಸ್ಕರ ಎಲ್ಲರ ಮ್ಯಾಲಕ್ಕನ್ನ ಎಷ್ಟು ದಿನ ಕಟ್ಟಿ ಹಾಕೋದು. ಡೇನಿಯಲ್ ಕೊಲಾಸಿಯೋನ್ ಬರೆದ ಪೋರ್ಟಬಲ್ ಡಂಪರ್ 2019ರ ಜನವರೀಲಿ ಸೇರ್ತು, 2020ರ ಆಗಸ್ಟಲ್ಲಿ ಬಂದ 27.1ರಲ್ಲಿ ಜನರ ಕೈಗೆ ಸಿಕ್ತು. ಅದು ಪ್ರೋಸೆಸ್ಸಿನ ಮೆಮೊರೀನ ಬೈಟ್ ಬೈಟಾಗಿ ಬರೆಯಲ್ಲ. ಲಿಸ್ಪ್ ಆಬ್ಜೆಕ್ಟುಗಳ ಗ್ರಾಫನ್ನ ನಡ್ಕೊಂಡು ಹೋಗಿ ಒಂದು ಬೇರೆ ಡೇಟಾ ಫೈಲಿಗೆ ಬರೆದು, ಯಾವ ಯಾವ ಆಫ್‌ಸೆಟ್ಟಲ್ಲಿ ಪಾಯಿಂಟರಿದೆ ಅನ್ನೋ ಪಟ್ಟೀನೂ ಜೊತೆಗಿಡತ್ತೆ. ಶುರುವಾದಾಗ ಆ ಫೈಲನ್ನ ಸಿಕ್ಕ ಅಡ್ರೆಸ್ಸಿಗೆ ಮ್ಯಾಪ್ ಮಾಡಿ ಪಟ್ಟಿ ನೋಡ್ಕೊಂಡು ಪಾಯಿಂಟರ್ ಸರಿ ಮಾಡತ್ತೆ. ಅಡ್ರೆಸ್ ಮೇಲೆ ಹ್ಯಾಶ್ ಆಗಿರೋ ಟೇಬಲ್ಲುಗಳನ್ನ ಮತ್ತೆ ಹ್ಯಾಶ್ ಮಾಡ್ಬೇಕಾಗತ್ತೆ, ಅದನ್ನೂ ಮಾಡತ್ತೆ. ಎಕ್ಸಿಕ್ಯೂಟಬಲ್ಲಿಗೂ ಡಂಪಿಗೂ ಒಂದೇ ಫಿಂಗರ್‌ಪ್ರಿಂಟ್ ಇಲ್ದಿದ್ರೆ ಲೋಡೇ ಮಾಡಲ್ಲ. ಅನ್‌ಎಕ್ಸೆಕ್ ಕೋಡನ್ನ ಈಗ ಡೆವಲಪ್ಮೆಂಟ್ ಬ್ರಾಂಚಿಂದ ತೆಗೆದೇ ಹಾಕಿದಾರೆ.

ತಮಾಷೆ ಏನಂದ್ರೆ ಇದಕ್ಕಿಂತ ಸರಳವಾದ ದಾರೀನ ಡೊನಾಲ್ಡ್ ಕ್ನೂತ್ ಅವರ ಟೆಕ್ ಅನ್ನೋ ಟೈಪ್‌ಸೆಟ್ಟಿಂಗ್ ಪ್ರೋಗ್ರಾಂ 80ರ ದಶಕದ ಶುರುವಲ್ಲೇ ಹಿಡಿದಿತ್ತು. ಇನಿಟೆಕ್ ಅನ್ನೋ ಅದರ ತಯಾರಿ ರೂಪ ಮ್ಯಾಕ್ರೋ ಫೈಲುಗಳನ್ನ ಓದಿ ಡಂಪ್ ಅಂದ್ರೆ ಒಂದು ಫಾರ್ಮ್ಯಾಟ್ ಫೈಲ್ ಬರೀತಿತ್ತು, ಓಡಿಸೋ ಟೆಕ್ ಅದನ್ನ ಓದ್ಕೊಂಡು ಶುರುವಾಗ್ತಿತ್ತು, ಇವತ್ತು ನೀವು ಲೇಟೆಕ್ ಓಡಿಸಿದಾಗ್ಲೂ ನಡೆಯೋದು ಇದೇ. ಅದು ಸುಲಭವಾಗಿದ್ದಕ್ಕೆ ಕಾರಣ, ಟೆಕ್ ಒಳಗೆ ನಿಜವಾದ ಪಾಯಿಂಟರೇ ಇಲ್ಲ. ಮೆಮ್ ಅನ್ನೋ ಒಂದು ದೊಡ್ಡ ಅರೇ, 'ಪಾಯಿಂಟರ್' ಅಂದ್ರೆ ಅದರ ಇಂಡೆಕ್ಸು. ಅರೇ ಯಾವ ಅಡ್ರೆಸ್ಸಲ್ಲಿ ಕೂತ್ರೂ ಇಂಡೆಕ್ಸ್ ಸುಳ್ಳಾಗಲ್ಲ, ಸರಿಪಡಿಸೋ ಪಟ್ಟೀನೂ ಬೇಡ.

ನೀವೂ ಇದನ್ನೇ ಮಾಡಿ. ಟ್ರೈ ನೋಡುಗಳೆಲ್ಲಾ ಒಂದೇ ಅರೇಲಿ ಇರ್ಲಿ, ಮಗು, ತಮ್ಮ ಅನ್ನೋ ಪಾಯಿಂಟರ್ ಬದಲು 32 ಬಿಟ್ಟಿನ ಇಂಡೆಕ್ಸ್ ಇಡಿ, ಸೊನ್ನೇನೇ ನೋಡನ್ನ ಖಾಲಿ ಬಿಟ್ಟು ಅದನ್ನೇ ನಲ್ ಅಂತ ಬಳಸಿ. ಸ್ಟ್ರಿಂಗುಗಳೆಲ್ಲಾ ಇನ್ನೊಂದು ಅರೇಗೆ, ಅದಕ್ಕೂ ಆಫ್‌ಸೆಟ್. ಪ್ರತ್ಯಯದ ನಿಯಮಗಳಿಗೆ ಫಂಕ್ಷನ್ ಪಾಯಿಂಟರ್ ಇಟ್ಟಿದ್ರೆ ಅದರ ಜಾಗಕ್ಕೆ ಒಂದು ಸಣ್ಣ ನಂಬರ್ ಇಟ್ಟು, ನಂಬರಿಂದ ಫಂಕ್ಷನ್ ಹುಡುಕೋ ಟೇಬಲ್ ಕೋಡಲ್ಲಿರ್ಲಿ. ಕಟ್ಟೋವಾಗ ಅರೇ ತುಂಬಿದ್ರೆ ರಿಅಲ್ಲಾಕ್ ಅದನ್ನ ಬೇರೆ ಕಡೆ ಎತ್ತಿಡ್ಬೋದು, ಆಗ್ಲೂ ಇಂಡೆಕ್ಸ್ ಕೆಡಲ್ಲ, ಮ್ಯಾಲಕ್ ಲಕ್ಷಾಂತರ ಸಲ ಕರೆಯೋದೂ ತಪ್ಪತ್ತೆ. ಇಷ್ಟಕ್ಕೇ ನಿಮ್ಮ ಎಂಟ್ಹತ್ತು ಸೆಕೆಂಡು ಒಂದೆರಡಕ್ಕೆ ಇಳಿದ್ರೂ ಆಶ್ಚರ್ಯ ಇಲ್ಲ.

ಆಮೇಲೆ ಎರಡೂ ಅರೇನ ಫೈಲಿಗೆ ಬರೀರಿ, ಓಡೋವಾಗ ಓದೋಕೆ ಮಾತ್ರ ಅಂತ ಎಂಮ್ಯಾಪ್ ಮಾಡಿ, ಮುಗೀತು, ಲೋಡಿಂಗ್ ಅನ್ನೋ ಹಂತಾನೇ ಇಲ್ಲ. ಯಾವ ಪುಟ ಮುಟ್ತೀರೋ ಅದು ಮಾತ್ರ ಡಿಸ್ಕಿಂದ ಬರತ್ತೆ, ನಾಲ್ಕು ಕಾಪಿ ಓಡ್ತಿದ್ರೂ ಪೇಜ್ ಕ್ಯಾಶಲ್ಲಿ ಒಂದೇ ಪ್ರತಿ. ಬರೆಯೋ ಮುಂಚೆ ನೋಡ್ ಸ್ಟ್ರಕ್ಟನ್ನ ಮೆಮ್‌ಸೆಟ್ ಮಾಡಿ ಸೊನ್ನೆ ತುಂಬಿರಿ, ಇಲ್ದಿದ್ರೆ ಪ್ಯಾಡಿಂಗಲ್ಲಿ ಹಳೇ ಮೆಮೊರಿಯ ಚೂರುಗಳು ಫೈಲಿಗೆ ಹೋಗತ್ವೆ, ಎರಡು ಸಲ ಬಿಲ್ಡ್ ಮಾಡಿದ್ರೆ ಎರಡು ಬೇರೆ ಫೈಲೂ ಬರತ್ವೆ. ಫೈಲಿನ ತಲೇಲಿ ಒಂದು ಮ್ಯಾಜಿಕ್ ನಂಬರ್, ಫಾರ್ಮ್ಯಾಟ್ ವರ್ಶನ್, ನೋಡಿನ ಸೈಜು, ಪದಪಟ್ಟಿಯ ಹ್ಯಾಶ್ ಇಡಿ, ಒಂದು ತಾಳೆ ಆಗ್ದಿದ್ರೂ ತೆಗ್ಯಲ್ಲ ಅನ್ನಿ. ಕನ್ನಡದ್ದಾದ್ರಿಂದ ಇನ್ನೊಂದು ಸೇರಿಸಿ, ನಾರ್ಮಲೈಸೇಶನ್ ಯಾವುದು ಅಂತ. ಯೂನಿಕೋಡಲ್ಲಿ ಒತ್ವ ಒಂದೇ ಕೋಡ್ ಪಾಯಿಂಟಾಗೂ ಬರತ್ತೆ, ಎತ್ವ ಮತ್ತೆ ದೀರ್ಘ ಉಕಾರದ ಚಿಹ್ನೆ ಸೇರಿದ ಎರಡು ಕೋಡ್ ಪಾಯಿಂಟಾಗೂ ಬರತ್ತೆ, ಕಣ್ಣಿಗೆ ಎರಡೂ ಒಂದೇ. ಟ್ರೈ ಕಟ್ಟಿದ್ದು ಒಂದು ರೂಪದಲ್ಲಿ, ಹುಡುಕೋದು ಇನ್ನೊಂದರಲ್ಲಿ ಆದ್ರೆ 'ಕೊಡು' ಕೂಡ ತಪ್ಪು ಪದ ಆಗ್ಬಿಡತ್ತೆ, ಮೊದಲು ಟೆಕ್ಸ್ಟ್ ಫೈಲಲ್ಲಿ ಕಾಣ್ತಿದ್ದ ಈ ಎಡವಟ್ಟು ಈಗ ಬೈನರಿ ಒಳಗೆ ಹೂತೋಗಿರತ್ತೆ.

ಒಂದೇ ಫೈಲಾಗಿ ಹಂಚ್ಬೇಕು ಅನ್ನೋದೇ ಆಸೆ ಆದ್ರೆ ಅದೂ ಆಗತ್ತೆ. ಬಿಲ್ಡನ್ನ ಎರಡು ಹಂತ ಮಾಡಿ, ಮೊದಲ ಪ್ರೋಗ್ರಾಂ ಟ್ರೈ ಫೈಲ್ ಬರೀಲಿ, ಎರಡನೇದಕ್ಕೆ ಅಸೆಂಬ್ಲರಿನ ಇನ್‌ಬಿನ್ (ಫೈಲನ್ನ ಹಾಗೇ ಒಳಗೆ ಸೇರಿಸೋ ಆದೇಶ) ಬಳಸಿ ಅದನ್ನ ಓದೋಕೆ ಮಾತ್ರ ಇರೋ ಸೆಕ್ಷನ್ನಿಗೆ ಸೇರಿಸಿ, ಹೊಸ ಕಂಪೈಲರ್ ಇದ್ರೆ ಸಿ23ರ ಎಂಬೆಡ್ ಇದೆ. ಇಂಡೆಕ್ಸ್ ಬದಲು ಪಾಯಿಂಟರ್ ತುಂಬಿರೋ ಸಿ ಕೋಡ್ ಜನರೇಟ್ ಮಾಡಿ ಕಂಪೈಲ್ ಮಾಡೋ ಉಪಾಯ ಹೊಳೀಬೋದು, ಬೇಡ, ಪಿಐಇಯಲ್ಲಿ ಒಂದೊಂದು ಪಾಯಿಂಟರಿಗೂ ಒಂದು ರೀಲೊಕೇಶನ್ ಹುಟ್ಟಿ ಡೈನಾಮಿಕ್ ಲಿಂಕರ್ ಪ್ರತಿ ಸಲ ಲಕ್ಷಗಟ್ಟಲೆ ಜಾಗ ತಿದ್ದುತ್ತಾ ಕೂರತ್ತೆ. ಎಕ್ಸಿಕ್ಯೂಟಬಲ್ಲಿನ ಬಾಲಕ್ಕೆ ಡೇಟಾ ಅಂಟಿಸಿ ಆಮೇಲೆ ತನ್ನನ್ನ ತಾನೇ ಓದ್ಕೊಳ್ಳೋ ರೀತೀನೂ ಚಾಲ್ತೀಲಿದೆ, ಆದ್ರೆ ಪ್ಯಾಕೇಜ್ ಮಾಡೋರು ಅಭ್ಯಾಸಬಲದಿಂದ ಸ್ಟ್ರಿಪ್ (ಬೇಡದ ಭಾಗ ಕಿತ್ತು ಫೈಲ್ ಚಿಕ್ಕದು ಮಾಡೋ ಟೂಲ್) ಓಡಿಸಿದ್ರೆ ಬಾಲ ಕತ್ತರಿಸಿ ಹೋಗತ್ತೆ.

ಓಡ್ತಿರೋ ಪ್ರೋಸೆಸ್ಸನ್ನ ತೆರೆದ ಫೈಲು, ಥ್ರೆಡ್ಡು ಸಮೇತ ಮಲಗಿಸಿ ಮತ್ತೆ ಎಬ್ಬಿಸೋದು ಯಾರಿಗಾದ್ರೂ ನಿಜವಾಗ್ಲೂ ಬೇಕಿದ್ರೆ ಅದಕ್ಕೆ ಸಿಆರ್‌ಐಯು ಅನ್ನೋ ಟೂಲ್ ಇದೆ. ಅದು ಎಕ್ಸಿಕ್ಯೂಟಬಲ್ ಕೊಡಲ್ಲ, ಒಂದು ಡೈರೆಕ್ಟರಿ ತುಂಬಾ ಇಮೇಜ್ ಫೈಲು ಕೊಡತ್ತೆ, ವಾಪಸ್ ಎಬ್ಬಿಸೋವಾಗ ಹಳೇ ಪಿಐಡಿ (ಪ್ರೋಸೆಸ್ಸಿನ ನಂಬರ್) ಸಮೇತ ಎಲ್ಲಾ ಮುಂಚಿನ ಹಾಗೇ ಇರ್ಬೇಕು, ಸಾಮಾನ್ಯ ಯೂಸರ್ ಆಗಿ ಸುಮ್ನೆ ಓಡ್ಸೋಕಾಗಲ್ಲ, ರೂಟ್ ಅಥವಾ ಅದಕ್ಕೇ ಅಂತಿರೋ ಕೇಪಬಿಲಿಟಿ ಬೇಕು. ಕಂಟೇನರ್ ಒಂದು ಮಷೀನಿಂದ ಇನ್ನೊಂದಕ್ಕೆ ಸಾಗಿಸೋರಿಗೆ ಅದು ಚಿನ್ನ, ಸ್ಪೆಲ್ ಚೆಕರಿಗೆ ಅಲ್ಲ.

ಟ್ರೈ ಫೈಲನ್ನ ಅಪ್ಡೇಟ್ ಮಾಡೋ ಕೋಡ್ ಬರೆಯೋವಾಗ ಮಾತ್ರ ಹುಷಾರು. ಓಡ್ತಿರೋ ಎಕ್ಸಿಕ್ಯೂಟಬಲ್ ಮೇಲೆ ಬರೆಯೋಕೆ ಹೋದ್ರೆ ಕರ್ನಲ್ಲೇ 'ಟೆಕ್ಸ್ಟ್ ಫೈಲ್ ಬ್ಯುಸಿ' ಅಂತ ತಡೆಯತ್ತೆ, ಬರೀ ಮ್ಯಾಪ್ ಆಗಿರೋ ಡೇಟಾ ಫೈಲಿಗೆ ಆ ಕಾವಲಿಲ್ಲ. ಇನ್ನೊಂದು ಪ್ರೋಸೆಸ್ ಬಳಸ್ತಿರೋವಾಗ್ಲೇ ನೀವು ಅದನ್ನ ಟ್ರಂಕೇಟ್ ಮಾಡಿ ಬರೆಯೋಕೆ ಶುರು ಮಾಡಿದ್ರೆ ಅದು ಸಿಗ್‌ಬಸ್ ಅನ್ನೋ ಸಿಗ್ನಲ್ ತಿಂದು ಸಾಯತ್ತೆ. ಅದೇ ಡೈರೆಕ್ಟರೀಲಿ ಬೇರೆ ಹೆಸರಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕಿಗೆ ಪೂರ್ತಿ ಇಳಿಸಿ), ಆಮೇಲೆ ರಿನೇಮ್ ಮಾಡಿ. ಹಳೇದನ್ನ ತೆರೆದ್ಕೊಂಡಿರೋರಿಗೆ ಹಳೇದೇ ಇರತ್ತೆ, ಹೊಸಬರಿಗೆ ಹೊಸದು ಸಿಗತ್ತೆ.